ಮನೆಯೊಳಗಿನ ಫ್ಲ್ಯಾಶ್ ಫೋಟೊ: ಮುಖ ಸುಣ್ಣ, ಹಿಂದೆ ಕತ್ತಲು ಆಗದಂತೆ

ಗೃಹಪ್ರವೇಶ, ನಾಮಕರಣದ ಫೋಟೊಗಳಲ್ಲಿ ಮುಂದೆ ಕೂತವರ ಮುಖ ಸುಣ್ಣ ಬಳಿದಂತೆ, ಹಿಂದೆ ನಿಂತವರು ಕತ್ತಲಲ್ಲಿ ಮುಳುಗಿದಂತೆ ಬಂದರೆ ನಾನು ಮೊದಲು ನೋಡುವುದು ಅಂತರವನ್ನು. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್‌ನ ಗೈಡ್ ನಂಬರ್ (ಅದರ ಶಕ್ತಿ ತೋರಿಸುವ ಸಂಖ್ಯೆ) ಸುಮಾರು 12. ಇದನ್ನು ಲೆನ್ಸಿನ ಕಿಂಡಿಯ ಎಫ್ ಸಂಖ್ಯೆ, ಅಂದರೆ ಅಪರ್ಚರ್‌ನಿಂದ ಭಾಗಿಸಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆಂದು ತಿಳಿಯುತ್ತದೆ. ಎಫ್ 5.6ರಲ್ಲಿ ಸಿಗುವುದು ಬರೀ 2 ಮೀಟರ್ ಚಿಲ್ಲರೆ. ಐಎಸ್‌ಒ 400ಕ್ಕೆ ಏರಿಸಿದರೆ ಅದು ಎರಡರಷ್ಟಾಗುತ್ತದೆ, 800ರಲ್ಲಿ 6 ಮೀಟರ್.

ಮುಟ್ಟಿದರಷ್ಟೇ ಸಾಲದು. ಅಂತರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿನ ಸಾಲು ಒಂದೂವರೆ ಮೀಟರ್, ಹಿಂದಿನದು 3 ಮೀಟರ್ ದೂರದಲ್ಲಿದ್ದರೆ ಯಾವ ಸೆಟ್ಟಿಂಗೂ ಎರಡನ್ನೂ ಸರಿ ಮಾಡದು. ನಾನೇ ಒಂದೂವರೆ ಮೀಟರ್ ಹಿಂದೆ ಸರಿದು ಜೂಮ್ ಮಾಡುತ್ತೇನೆ. ಆಗ ಅಂತರ 3 ಮತ್ತು 4.5 ಮೀಟರ್ ಆಗಿ, ನಾಲ್ಕು ಪಟ್ಟಿದ್ದ ವ್ಯತ್ಯಾಸ ಎರಡೂಕಾಲಿಗೆ ಇಳಿಯುತ್ತದೆ. ಜಾಗವಿಲ್ಲದ ಕಡೆ ಜನರನ್ನು ಕ್ಯಾಮೆರಾ ಸುತ್ತ ಕಮಾನಿನಂತೆ ನಿಲ್ಲಿಸುವುದೇ ಉಪಾಯ.

ಹಿನ್ನೆಲೆ ಕಪ್ಪಾಗುವುದು ಬೇರೆಯೇ ತೊಂದರೆ, ಅದಕ್ಕೆ ಬೆಳಕನ್ನು ಒಳಬಿಡುವ ಶಟರ್ ಬೇಗ ಮುಚ್ಚುವುದು ಕಾರಣ. ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಶಟರ್ ನಿಧಾನ ಮಾಡಿದರೆ ಮುಖದ ಮೇಲಿನ ಫ್ಲ್ಯಾಶ್ ಬೆಳಕು ಬದಲಾಗದು, ಕೋಣೆಯ ದೀಪದ ಬೆಳಕು ಮಾತ್ರ ಹೆಚ್ಚುತ್ತದೆ. ನಾನು ಇಡುವುದು ಮ್ಯಾನುಯಲ್ ಮೋಡ್, ಎಫ್ 5.6, ಶಟರ್ 1/50 ಸೆಕೆಂಡ್, ಐಎಸ್‌ಒ 800, ಫ್ಲ್ಯಾಶ್ ಮಾತ್ರ ಟಿಟಿಎಲ್ (ಲೆನ್ಸ್ ಮೂಲಕ ಬಂದ ಬೆಳಕು ಅಳೆದು ಕ್ಯಾಮೆರಾವೇ ಫ್ಲ್ಯಾಶ್ ಪ್ರಮಾಣ ನಿರ್ಧರಿಸುವ ವಿಧಾನ). 1/50ಕ್ಕೆ ಕಾರಣವಿದೆ: ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಗುತ್ತವೆ, ಈ ವೇಗದಲ್ಲಿ ಚಿತ್ರಕ್ಕೆ ಅದರ ಪಟ್ಟಿ ಬೀಳುವುದಿಲ್ಲ. 1/30ಕ್ಕಿಂತ ಇಳಿದರೆ ಆರತಿ ಎತ್ತುವ ಕೈ ಎಳೆದಂತಾಗುತ್ತದೆ. ಶಟರ್ ವೇಗ 1/200 ಅಥವಾ 1/250 ದಾಟಿದರೆ ಚಿತ್ರದ ಒಂದಂಚಿಗೆ ಕಪ್ಪು ಪಟ್ಟಿ ಬರುತ್ತದೆ.

ಗೋಡೆಯ ಮೇಲಿನ ಗಡುಸು ನೆರಳಿಗೆ ಮದ್ದು ಪ್ರತ್ಯೇಕ ಫ್ಲ್ಯಾಶ್, ಅದರ ತಲೆಯನ್ನು ಬಿಳಿ ತಾರಸಿಯ ಕಡೆಗೆ ತಿರುಗಿಸುವುದು. ಇದರಲ್ಲಿ ಸುಮಾರು 2 ಸ್ಟಾಪ್ ಬೆಳಕು ನಷ್ಟ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ), ಆದರೂ 10 ಅಡಿ ಎತ್ತರದ ತಾರಸಿಗೆ ಐಎಸ್‌ಒ 800 ಸಾಕಾಗುತ್ತದೆ. ನೆಟ್ಟಗೆ ಮೇಲಕ್ಕೆ ಹೊಡೆದರೆ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ. ಆದ್ದರಿಂದ ಲಗ್ನಪತ್ರಿಕೆಯ ಬಿಳಿ ಹಿಂಬದಿಯನ್ನು ಬೆರಳೆರಡು ಅಗಲಕ್ಕೆ ಕತ್ತರಿಸಿ, ಫ್ಲ್ಯಾಶ್ ತಲೆಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟುತ್ತೇನೆ. ಅದು ಸ್ವಲ್ಪ ಬೆಳಕನ್ನು ಮುಂದಕ್ಕೆ ತಿರುಗಿಸಿ ಕಣ್ಣಿಗೆ ಹೊಳಪು ತರುತ್ತದೆ. ಮಲೆನಾಡಿನ ಮರದ ಮುಚ್ಚಿಗೆ ಬೆಳಕನ್ನು ನುಂಗಿ ಕೆಂಪಗೆ ಹಿಂದಿರುಗಿಸುತ್ತದೆ, ಹಸಿರು ಗೋಡೆ ಮುಖಕ್ಕೆ ಹಸಿರು ಬಳಿಯುತ್ತದೆ. ಅಲ್ಲಿ ನನ್ನ ಬೆನ್ನ ಹಿಂದಿನ ಬಿಳಿ ಗೋಡೆಯನ್ನೇ ಹುಡುಕುತ್ತೇನೆ. ಕಲ್ಯಾಣ ಮಂಟಪದ ಎತ್ತರದ ಛಾವಣಿಗೆ ಹೊಡೆಯುವುದು ಬ್ಯಾಟರಿ ದಂಡ.

ಮುಖ ಸರಿಯಿದ್ದು ಹಿಂದೆಲ್ಲ ಕಿತ್ತಳೆಯಾದರೆ ಅದು ಬೆಳಕಿನ ಬಣ್ಣದ ಅಳತೆಯಲ್ಲಿ ಹಳದಿ ದೀಪದ 3000 ಕೆಲ್ವಿನ್‌ಗೂ ಫ್ಲ್ಯಾಶ್‌ನ 5500ಕ್ಕೂ ಇರುವ ವ್ಯತ್ಯಾಸ. ಫ್ಲ್ಯಾಶ್‌ಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ, ಕ್ಯಾಮೆರಾದಲ್ಲಿ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಟಂಗ್‌ಸ್ಟನ್‌ಗೆ ಇಡಿ.

ಟಿಟಿಎಲ್ ಮೋಸ ಹೋಗುವುದೂ ಉಂಟು. ಚೌಕಟ್ಟಿನ ತುಂಬ ಬಿಳಿ ಪಂಚೆ, ಶಲ್ಯ ಇದ್ದರೆ ಕ್ಯಾಮೆರಾ ಫ್ಲ್ಯಾಶ್ ತಗ್ಗಿಸುತ್ತದೆ, ಮುಖ ಕಪ್ಪಾಗುತ್ತದೆ. ಆಗ ಫ್ಲ್ಯಾಶ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಫ್ಲ್ಯಾಶ್ ಕಾಂಪೆನ್ಸೇಷನ್ +0.7 ಕೊಡುತ್ತೇನೆ. ಕತ್ತಲ ಹಿನ್ನೆಲೆಯ ಮುಂದೆ ಒಬ್ಬರೇ ಇದ್ದರೆ −0.7. ದೇವರ ಪಟದ ಗಾಜಿಗೆ ನೇರ ನಿಲ್ಲದೆ ಓರೆಯಾಗಿ ನಿಲ್ಲಬೇಕು. ಹೋಮದ ಹೊಗೆಯಲ್ಲಿ ಮಾತ್ರ ಫ್ಲ್ಯಾಶ್ ಆರಿಸಿಬಿಡುತ್ತೇನೆ, ಹೊಗೆಯೇ ಬೆಳಗಿ ಎಲ್ಲವೂ ಮಸುಕಾಗುತ್ತದೆ.

ಕ್ಯಾಮೆರಾದ್ದೇ ಫ್ಲ್ಯಾಶ್ ಬಳಸುವಾಗ ಚಿತ್ರದ ಕೆಳಗೆ ಅರ್ಧಚಂದ್ರದ ನೆರಳು ಕಂಡರೆ ಲೆನ್ಸ್ ಹುಡ್ ತೆಗೆಯಿರಿ. ಒಂದು ಫೋಟೊ ಚೆನ್ನಾಗಿ ಬಂದು ಮರುಕ್ಷಣದ್ದು ಕತ್ತಲಾದರೆ ಫ್ಲ್ಯಾಶ್ ಇನ್ನೂ ಚಾರ್ಜ್ ಆಗಿಲ್ಲವೆಂದೇ ಅರ್ಥ: ರೆಡಿ ದೀಪ ಹತ್ತುವವರೆಗೆ ಕಾಯಿರಿ, ಪ್ರತ್ಯೇಕ ಫ್ಲ್ಯಾಶ್ ಆದರೆ ಸಾಧಾರಣ ಸೆಲ್ಲುಗಳ ಬದಲು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ಲುಗಳನ್ನು ನಾಲ್ಕರ ಎರಡು ಜೊತೆ ಇಟ್ಟುಕೊಳ್ಳಿ.