ಖಯಾಲ್ ಕೇಳಿದ ಕಿವಿಗೆ ಲೈವ್ ಜಾಝ್

ಬೆಳಗಾವಿಯ ಬೈಠಕ್‌ಗಳಲ್ಲಿ ಖಯಾಲ್ ಕೇಳಿ ಬೆಳೆದವರಿಗೆ ಜಾಝ್ ಕಷ್ಟವೇನಲ್ಲ. ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯ 1965ರ ಆಲ್ಬಂ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ ಹಾಕಿ. ಮೊದಲನೆಯದು ‘ನೋ ಬ್ಲೂಸ್’. ಮೊದಲ ಸಲ ಗಿಟಾರ್ ಬಿಟ್ಟುಬಿಡಿ, ಪಾಲ್ ಚೇಂಬರ್ಸ್‌ನ ಬೇಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ, ಅದರ ನಾದ ಹಿಡಿದು ನಾಲ್ಕು ನಾಲ್ಕಾಗಿ ಎಣಿಸಿ. ಅಂಥ 12 ಸೇರಿದರೆ ಒಂದು ಆವರ್ತನ, ಅಂದರೆ 48 ಏಟು, ಮತ್ತೆ ಮೊದಲಿಗೇ ಬರುತ್ತದೆ, ನಮ್ಮ ಸಮ್‌ಗೆ ಬಂದ ಹಾಗೇ ಅಲ್ವಾ? ಎರಡನೇ ಸಲ ವೆಸ್ ಬೆನ್ನು ಹತ್ತಿ. ತಂತಿ ಮೀಟುವ ಪಿಕ್ ಇಲ್ಲ, ಬರೀ ಹೆಬ್ಬೆರಳು! ಆತನ ಸೋಲೋ ಸಾಮಾನ್ಯವಾಗಿ ಒಂಟಿ ಸ್ವರಗಳಿಂದ ಶುರುವಾಗುತ್ತದೆ, ಆಮೇಲೆ ಆಕ್ಟೇವ್, ಅಂದರೆ ಮಧ್ಯ ಸಾ, ತಾರ ಸಾ ಎರಡನ್ನೂ ಒಟ್ಟಿಗೆ ಮೀಟಿದಂತೆ, ಕೊನೆಗೆ ಕಾರ್ಡ್‌ಗಳು, ಅಂದರೆ ಹಲವು ಸ್ವರಗಳು ಒಟ್ಟಿಗೆ. ಈ ಏರಿಕೆ ನನಗೆ ತುಂಬಾ ಇಷ್ಟ. ಒಂದು ಮಾತು: ಮೂಲ ಎಲ್‌ಪಿ ರೆಕಾರ್ಡ್‌ನಲ್ಲಿ ಮೊದಲ ಎರಡು ಮಾತ್ರ ನ್ಯೂಯಾರ್ಕ್‌ನ ಹಾಫ್ ನೋಟ್ ಕ್ಲಬ್‌ನಲ್ಲಿ ಲೈವ್ ಆಗಿ ನುಡಿಸಿದ್ದು, ಉಳಿದ ಮೂರು ಸ್ಟುಡಿಯೋದವು.