ಒಗಟು ಹಾಕುವುದು ಹೇಗೆ? ಉತ್ತರ ಗೊತ್ತಿದ್ದೂ ಸುಮ್ನಿರುವುದು ಹೇಗೆ?

ಹೋದ ಬೇಸಿಗೆ ರಜೆಯಲ್ಲಿ ಒಂದು ಸಂಜೆ ಕರೆಂಟ್ ಹೋಯಿತು. ಮನೆಯಲ್ಲಿ ಅಕ್ಕನ ಮಕ್ಕಳಿಬ್ಬರು, ಪಕ್ಕದ ಮನೆಯ ಮೂವರು, ಅಮ್ಮ ಮತ್ತು ನಾನು. ಟೀವಿ ಇಲ್ಲ, ವೈಫೈ ಇಲ್ಲ. ಮೊಬೈಲ್ ಟಾರ್ಚ್ ಹಚ್ಚಿಟ್ಟು, "ಬನ್ನಿ, ಒಗಟು ಹಾಕ್ತೀನಿ" ಅಂತ ಕೂತೆ. ನನಗೆ ಬರುವ ಒಗಟುಗಳೆಲ್ಲ ಹತ್ತೇ ನಿಮಿಷಕ್ಕೆ ಖಾಲಿ. ನಾನು ಕೇಳುವುದು, ಅವರು ಎರಡು ಸಲ ತಪ್ಪು ಹೇಳುವುದು, ತಕ್ಷಣ ನಾನೇ ಉತ್ತರ ಒಪ್ಪಿಸುವುದು. ಮಕ್ಕಳು ಆಕಳಿಸತೊಡಗಿದರು. ಮೂಲೆಯಿಂದ ಅಮ್ಮ ಅಂದರು: "ನೀನು ಒಗಟು ಹಾಕ್ತಿಲ್ಲ ಕಣೇ, ಪಟ್ಟಿ ಓದ್ತಿದೀಯ."

ಆಮೇಲೆ ಅಮ್ಮ ಎದ್ದು ಟಾರ್ಚ್ ಆರಿಸಿದರು. ದೇವರ ಮನೆಯಿಂದ ಒಂದು ಹಣತೆ ತಂದು, ಹಚ್ಚಿ, ನಮ್ಮ ಮಧ್ಯೆ ಇಟ್ಟರು. ಒಂದೇ ಒಂದು ಒಗಟು ಹಾಕಿದರು. ಅದು ಮುಕ್ಕಾಲು ಗಂಟೆ ನಡೆಯಿತು. ಯಾವ ಒಗಟು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಒಗಟು ಬಿಡಿಸುವುದನ್ನು ಯಾರೂ ಕಲಿಸಬೇಕಿಲ್ಲ, ಕೂತರೆ ಬರುತ್ತದೆ. ಹಾಕುವುದನ್ನು ಕಲಿಯಬೇಕು. ಅಮ್ಮನಿಂದ ನಾನು ಕಲಿತದ್ದು, ಆಮೇಲೆ ನಾಲ್ಕಾರು ಸಲ ಮಾಡಿ ನೋಡಿದ್ದು, ಎರಡೂ ಇಲ್ಲಿದೆ.

ಮೊದಲು ಜನ ನೋಡಿ

ಐದರಿಂದ ಹತ್ತು ಜನ ಇದ್ದರೆ ಚೆನ್ನ. ಎಲ್ಲರೂ ಒಂದೇ ವಯಸ್ಸಿನವರಾದರೆ ಆಟ ಬೇಗ ಸಪ್ಪೆಯಾಗುತ್ತದೆ. ಒಬ್ಬ ಅಜ್ಜಿ, ಒಬ್ಬ ಹೈಸ್ಕೂಲ್ ಹುಡುಗ, ಒಂದು ಎರಡನೇ ಕ್ಲಾಸಿನ ಮಗು ಇರಲಿ. ಒಂದು ಸಂಜೆಗೆ ಆರೇಳು ಒಗಟು ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಮೊದಲನೆಯದು ಚಿಕ್ಕವರು ಒಡೆಯುವಂಥದ್ದಾಗಿರಲಿ. "ಸಂತೆಯಿಂದ ತರೋದು, ಮುಂದಿಟ್ಕೊಂಡು ಅಳೋದು." ಅಡುಗೆಮನೆಗೆ ಒಮ್ಮೆ ಹೋಗಿ ಬಂದ ಮಗುವೂ ಈರುಳ್ಳಿ ಅನ್ನುತ್ತದೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರೆ ಮಲ್ಲಿಗೆ. ಮೊದಲ ಗೆಲುವು ಚಿಕ್ಕವರಿಗೆ ಸಿಕ್ಕರೆ ಅವರು ಎದ್ದು ಹೋಗುವುದಿಲ್ಲ.

ಇನ್ನೊಂದು ತೊಂದರೆ ಇದೆ. ನಮ್ಮ ಒಗಟುಗಳ ಅರ್ಧ ಸಾಮಾನು ಈಗ ಮನೆಯಲ್ಲೇ ಇಲ್ಲ. "ಕಪ್ಪು ಸೀರೆ ಉಟ್ಕೊಂಡು, ಕಾಲುಂಗುರ ಇಟ್ಕೊಂಡು, ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ." ಉತ್ತರ ಒನಕೆ. ಅದರ ಕಾಲಿಗೆ ಹಾಕಿದ ಕಬ್ಬಿಣದ ಬಳೆಯೇ ಕಾಲುಂಗುರ. ಒನಕೆಯನ್ನೇ ನೋಡದ ಮಗು ಇದನ್ನು ಎಲ್ಲಿಂದ ಬಿಡಿಸಬೇಕು? ನಮ್ಮ ಹುಡುಗ "ಲಿಫ್ಟ್" ಅಂದ. ಅವನ ತಪ್ಪಲ್ಲ. ಇಂಥವನ್ನು ಬಿಡಬಹುದು, ಇಲ್ಲವೇ ಆ ವಸ್ತುವನ್ನು ಕಣ್ಣೆದುರು ತಂದಿಡಬಹುದು. "ಎಲ್ಲರ ಮನೆ ಅಜ್ಜಿಗೆ ಮೈಯೆಲ್ಲಾ ಕಜ್ಜಿ" ಅನ್ನುವ ಮೊದಲೇ ಜರಡಿಯನ್ನು ಅಡುಗೆಮನೆಯ ಗೋಡೆಗೆ ನೇತು ಹಾಕಿಬಿಡಿ. ನೀರು ಕುಡಿಯಲು ಎರಡು ಸಲ ಹೋಗಿ ಬರುತ್ತಾರೆ, ಮೂರನೇ ಸಲ ಅಲ್ಲಿಂದಲೇ ಕಿರುಚುತ್ತಾರೆ.

ದೊಡ್ಡವರಿಗೊಂದು ಗುಟ್ಟಿನ ಮಾತು. ಹಳ್ಳಿಯ ಕೆಲವು ಒಗಟುಗಳು ಕೇಳಲು ಪೋಲಿಯಾಗಿರುತ್ತವೆ, ಉತ್ತರ ಮಾತ್ರ ಬೀಸುವ ಕಲ್ಲೋ ಬೀಗವೋ ಆಗಿರುತ್ತದೆ. ಅದರ ಮಜಾ ಇರುವುದೇ ಅಲ್ಲಿ. ಆದರೆ ಯಾರ ಮುಂದೆ ಹಾಕುತ್ತಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ. ಹಾಗೆಯೇ ಕನಕದಾಸರ ಮುಂಡಿಗೆಗಳು, ಅಲ್ಲಮನ ಬೆಡಗಿನ ವಚನಗಳು. ಅವೂ ಒಂದು ಬಗೆಯ ಒಗಟುಗಳೇ. ಆದರೆ ಪುರಾಣದ ನಂಟಸ್ತನ, ಅನುಭಾವದ ಮಾತು ಗೊತ್ತಿರಬೇಕು. ಅವನ್ನು ಊಟವಾದ ಮೇಲೆ ಹಿರಿಯರಿಗೆ ಬಿಡಿ.

ಹೇಳುವ ಮಾತು ಹಾಗೇ ಇರಲಿ

ಒಗಟನ್ನು ಎರಡು ಸಲ ಹೇಳಬೇಕು. ಎರಡು ಸಲವೂ ಅದೇ ಮಾತು, ಅದೇ ಓಟ. ಪುಸ್ತಕದ ಕನ್ನಡಕ್ಕೆ ತಿದ್ದಲು ಹೋಗಬೇಡಿ. "ಅವ್ವನ ಸೀರೆ ಮಡಚೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ" ಅನ್ನುವುದನ್ನು "ತಾಯಿಯ ಸೀರೆಯನ್ನು ಮಡಚಲು ಸಾಧ್ಯವಿಲ್ಲ" ಅಂದು ನೋಡಿ. ಅಲ್ಲಿಗೆ ಅದು ಪರೀಕ್ಷೆಯ ಪ್ರಶ್ನೆಯಾಯಿತು. ನಿಮ್ಮ ಊರಿನ ಮಾತು ಬೇರೆ ಇದ್ದರೆ ಅದನ್ನೇ ಹೇಳಿ. ಉತ್ತರ ಕರ್ನಾಟಕದ ಕಡೆ ಒಗಟಿಗೆ ಒಡಪು ಅಂತಲೂ ಅನ್ನುತ್ತಾರೆ, ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳುವುದಕ್ಕೂ ಅದೇ ಹೆಸರು. ತುಳುವಿನಲ್ಲಿ ಎದುರುಕತೆ. ಹೆಸರು ಯಾವುದಾದರೂ ಓಟ ಕೆಡಬಾರದು.

ಹೇಳುವ ಮುಂಚೆ ಒಂದು ಕಾನೂನು ಮಾಡಿ. ಉತ್ತರ ಮೊದಲೇ ಗೊತ್ತಿದ್ದವರು ಕೂಗಬಾರದು. ಎದ್ದು ಬಂದು, ಹಾಕಿದವರ ಕಿವಿಯಲ್ಲಿ ಹೇಳಬೇಕು. ಸರಿಯಾಗಿದ್ದರೆ ಅವರೂ ಹಾಕುವವರ ಕಡೆ ಸೇರಿ ಕೂರುತ್ತಾರೆ. ಈ ಒಂದು ಕಾನೂನು ಇಲ್ಲದೆ ನಾನು ಎರಡು ಸಂಜೆ ಹಾಳು ಮಾಡಿಕೊಂಡಿದ್ದೇನೆ. ಎಲ್ಲ ಮನೆಯಲ್ಲೂ ಒಬ್ಬ ಭಾವ ಇರುತ್ತಾರೆ, ಒಗಟು ಮುಗಿಯುವ ಮುಂಚೆ ಉತ್ತರ ಹೇಳಿ ಸುತ್ತ ನೋಡುವವರು. ಅವರನ್ನು ಕಿವಿಮಾತಿನ ಕಡೆಗೆ ತಿರುಗಿಸಿದರೆ ಅವರಿಗೂ ಖುಷಿ, ಉಳಿದವರಿಗೂ ನೆಮ್ಮದಿ.

ಸುಳಿವು ಕೊಡುವುದೇ ನಿಜವಾದ ಕೆಲಸ

ಆ ರಾತ್ರಿ ಅಮ್ಮ ಹಾಕಿದ ಒಗಟು ಇದು: "ಕಾಂತಾಮಣಿ ಎಂಬ ಪಕ್ಷಿ, ಚಿಂತಾಮಣಿ ಎಂಬ ಕೆರೆ. ಕೆರೆಯಲ್ಲಿ ನೀರಿಲ್ಲದಿದ್ದರೆ ಪಕ್ಷಿಗೆ ಮರಣ."

ಮಕ್ಕಳು ಮೊದಲು ಮೀನು ಅಂದರು, ಆಮೇಲೆ ಬಾತುಕೋಳಿ. ಪಕ್ಕದ ಮನೆಯ ದೊಡ್ಡ ಹುಡುಗ ಚಿಂತಾಮಣಿ ಅಂದರೆ ಚಿಕ್ಕಬಳ್ಳಾಪುರದ ಹತ್ತಿರ ಇರುವ ಊರು, ಅಲ್ಲಿ ಕೆರೆ ಇದೆಯಾ ಅಂತ ವಾದಕ್ಕೆ ನಿಂತ. ಅಮ್ಮ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಐದು ನಿಮಿಷ ಸುಮ್ನೆ ಕೂತರು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಮೂರು ಒಗಟು ಮುಗಿಸಿರುತ್ತಿದ್ದೆ.

ಆಮೇಲೆ ಮೊದಲ ಸುಳಿವು: "ಕೆರೆ ಅಂಗೈಯಲ್ಲಿ ಹಿಡಿಸುತ್ತೆ." ಅಷ್ಟೇ. ಮೀನು, ಬಾತುಕೋಳಿ, ಊರು ಎಲ್ಲ ಒಂದೇ ಏಟಿಗೆ ಹೋದವು. ಲೋಟ, ಚಮಚ, ಬಟ್ಟಲು ಬಂದವು. ಮತ್ತೆ ಹತ್ತು ನಿಮಿಷ. ಎರಡನೇ ಸುಳಿವು: "ಅದರಲ್ಲಿರೋದು ನೀರಲ್ಲ." ಈಗ ಮಕ್ಕಳಿಗೆ ಸಿಟ್ಟು ಬಂತು. "ಅಜ್ಜಿ, ನೀರು ಅಂತ ನೀವೇ ಹೇಳಿದ್ರಲ್ಲ!" ಒಗಟು ಸುಳ್ಳು ಹೇಳುವುದಿಲ್ಲ, ಹೆಸರು ಬದಲಿಸುತ್ತದೆ ಅಂದರು ಅಮ್ಮ. ಕೆರೆ ಕೆರೆಯಲ್ಲ ಅಂದಮೇಲೆ ನೀರು ಹೇಗೆ ನೀರಾಗಿರುತ್ತೆ? ಒಂದನ್ನು ತಿರುಗಿಸಿದರೆ ಉಳಿದದ್ದನ್ನೂ ತಿರುಗಿಸಬೇಕು.

ಹಣತೆಯ ಎಣ್ಣೆ ತಳ ಕಾಣುತ್ತಿತ್ತು. ಅಮ್ಮ ಮೂರನೇ ಸುಳಿವು ಕೊಟ್ಟರು: "ಕೆರೆ ಬತ್ತುತ್ತಾ ಇದೆ. ಪಕ್ಷಿ ಸಾಯೋದ್ರೊಳಗೆ ಹೇಳಿ." ಕುಡಿ ಚಟಪಟ ಅಂದಿತು. ಅಕ್ಕನ ಮಗಳು ಬಾಯಿ ತೆರೆದುಕೊಂಡು ಅದನ್ನೇ ನೋಡಿದಳು. ಅಷ್ಟು ಹೊತ್ತೂ ಉತ್ತರ ಅವರ ಮಧ್ಯೆಯೇ ಉರಿಯುತ್ತಾ ಕೂತಿತ್ತು.

ಇದನ್ನು ನೀವೂ ಮಾಡಬಹುದು. ಪ್ರತಿ ಒಗಟಿಗೆ ಮೂರು ಸುಳಿವು ಮೊದಲೇ ಯೋಚಿಸಿಟ್ಟುಕೊಳ್ಳಿ. ಮೊದಲನೆಯದು ತಪ್ಪು ದಾರಿಗಳನ್ನು ಮುಚ್ಚಬೇಕು, ಸರಿ ದಾರಿಯನ್ನು ತೋರಿಸಬಾರದು. ಎರಡನೆಯದು ಒಗಟಿನ ಒಂದು ಮಾತನ್ನು ಮಾತ್ರ ಬಿಚ್ಚಬೇಕು. ಮೂರನೆಯದು ಕಣ್ಣನ್ನು ಆ ವಸ್ತುವಿನ ಕಡೆಗೆ ತಿರುಗಿಸಬೇಕು. ಮೂರಕ್ಕೂ ಬರದಿದ್ದರೆ ಒಗಟನ್ನು ಪಕ್ಕಕ್ಕಿಟ್ಟು ಇನ್ನೊಂದು ಹಾಕಿ. ಉತ್ತರವನ್ನು ಆ ಹೊತ್ತಿಗೇ ಬಿಟ್ಟುಕೊಡಬೇಡಿ.

ತಪ್ಪು ಉತ್ತರ ಬಂದಾಗ

"ಗೂಡಿನಲ್ಲಿನ ಪಕ್ಷಿ ನಾಡೆಲ್ಲ ನೋಡುತ್ತದೆ." ಉತ್ತರ ಕಣ್ಣು. ನಮ್ಮ ಹುಡುಗ "ಸಿಸಿಟಿವಿ" ಅಂದ. ಏನು ಹೇಳುತ್ತೀರಿ? ಗೂಡಿದೆ, ನೋಡುತ್ತದೆ. "ನೀಲಿ ಕೆರೆಯಲ್ಲಿ ಬಿಳಿ ಮೀನು" ಅಂದರೆ ನಕ್ಷತ್ರ. ಒಂದು ಮಗು "ವಿಮಾನ" ಅಂದಿತು. ನನಗಂತೂ ಅದೇ ಇಷ್ಟವಾಯಿತು, ಮೀನು ಈಜಬೇಕು ಅಲ್ವಾ?

ತಪ್ಪು ಅನ್ನುವ ಬದಲು "ಹೇಗೆ?" ಅಂತ ಕೇಳಿ. ಒಗಟಿನ ಪ್ರತಿ ಮಾತಿಗೂ ಹೊಂದಿಸಿ ತೋರಿಸಿದರೆ ಪೂರ್ತಿ ಗೆಲುವು ಕೊಡಿ. ಒಂದು ಮಾತು ತಪ್ಪಿದರೆ ಅರ್ಧ. ವಾದ ಶುರುವಾದರೆ ಇನ್ನೂ ಒಳ್ಳೆಯದು. ತೀರ್ಪು ಕೊಡುವ ಕೆಲಸ ಅಲ್ಲಿರುವ ಹಿರಿಯರದ್ದು.

ಸೋತವರಿಗೂ ಒಂದು ಶಾಸ್ತ್ರ ಬೇಕು. ನಮ್ಮ ಮನೆಯಲ್ಲಿ ಊರು ಕೊಡುವುದು. "ಸೋತೆ" ಅಂದವರು ಒಂದು ಊರಿನ ಹೆಸರು ಹೇಳಿ ಅದನ್ನು ಬಿಟ್ಟುಕೊಡಬೇಕು. ಆಟ ಮುಗಿಯುವಾಗ ನಮ್ಮಮ್ಮನ ಕೈಯಲ್ಲಿ ಹಾಸನ, ಅರಸೀಕೆರೆ, ಬೇಲೂರು ಎಲ್ಲ ಇರುತ್ತವೆ. ಮೈಸೂರು ಕೊಡಲು ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ, ಕೊನೆಯ ತನಕ ಉಳಿಸಿಕೊಳ್ಳುತ್ತಾರೆ. ಮಹಾಭಾರತದ ಯಕ್ಷ ಉತ್ತರ ಹೇಳದೆ ನೀರು ಕುಡಿದವರನ್ನು ಕೆರೆಯ ದಡದಲ್ಲೇ ಮಲಗಿಸಿದ. ಅಷ್ಟು ದೂರ ಹೋಗುವುದು ಬೇಡ.

ಲೆಕ್ಕದ ಒಗಟಾದರೆ ಹುಣಸೆ ಬೀಜ ತನ್ನಿ

ಲೆಕ್ಕ ಅಂದ ತಕ್ಷಣ ಅರ್ಧ ಜನ ಎದ್ದು ಹೋಗುತ್ತಾರೆ. ಅದಕ್ಕೇ ಪೆನ್ನು ಹಾಳೆ ತರಬೇಡಿ. ಒಂದು ಹಿಡಿ ಹುಣಸೆ ಬೀಜ ಸಾಕು.

ಒಬ್ಬ ಪೂಜಾರಿ ಬುಟ್ಟಿಯಲ್ಲಿ ಒಂದಿಷ್ಟು ಹೂ ತರುತ್ತಾನೆ. ದಾರಿಯಲ್ಲಿ ಒಂದು ಕೊಳ, ಒಂದು ಗುಡಿ, ಮತ್ತೆ ಕೊಳ, ಗುಡಿ, ಮತ್ತೆ ಕೊಳ, ಗುಡಿ. ಕೊಳದಲ್ಲಿ ಬುಟ್ಟಿ ಅದ್ದಿದರೆ ಹೂ ಎರಡರಷ್ಟಾಗುತ್ತದೆ. 3 ಗುಡಿಗೂ ಸಮಸಮ ಹೂ ಏರಿಸುತ್ತಾನೆ. ಕೊನೆಯ ಗುಡಿಯಲ್ಲಿ ಬುಟ್ಟಿ ಖಾಲಿ. ತಂದದ್ದೆಷ್ಟು, ಏರಿಸಿದ್ದೆಷ್ಟು?

ಎಲ್ಲರೂ ಮೊದಲಿಂದ ಶುರು ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮ ಸುಳಿವು ಒಂದೇ: "ಕೊನೆಯ ಗುಡಿಯಿಂದ ವಾಪಸ್ ನಡೀರಿ." ಗುಡಿ ಸಿಕ್ಕರೆ ಹೂ ವಾಪಸ್ ತೆಗೆದುಕೊಳ್ಳಿ, ಕೊಳ ಸಿಕ್ಕರೆ ಅರ್ಧ ಮಾಡಿ. ಪ್ರತಿ ಗುಡಿಗೆ 4 ಹೂ ಅಂತ ಇಟ್ಟುಕೊಂಡರೆ 4 ಅರ್ಧವಾಗಿ 2, ಕೂಡಿದರೆ 6, ಅರ್ಧ 3, ಕೂಡಿದರೆ 7. ಅರ್ಧ ಮಾಡಲು ಹೋದರೆ ಒಂದು ಬೀಜ ಕಡಿಯಬೇಕು. ಆಗದು. 8 ಇಟ್ಟು ನೋಡಿ: 4, 12, 6, 14, 7. ಬುಟ್ಟಿಯಲ್ಲಿ ತಂದದ್ದು 7, ಪ್ರತಿ ಗುಡಿಗೆ 8. ಬೀಜ ಸರಿಸುತ್ತಾ ಮಾಡಿದರೆ ಲೆಕ್ಕ ಬರದು ಅನ್ನುವವರೂ ಇದನ್ನು ಬಿಡಿಸುತ್ತಾರೆ.

ದೊಡ್ಡ ಮಕ್ಕಳಿದ್ದರೆ ನಮ್ಮ ನೆಲದ್ದೇ ಇನ್ನೊಂದು ಇದೆ. 9ನೇ ಶತಮಾನದಲ್ಲಿ, ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಬರುವಂಥದ್ದು. 3 ವ್ಯಾಪಾರಿಗಳಿಗೆ ದಾರಿಯಲ್ಲಿ ಒಂದು ಹಣದ ಚೀಲ ಕಾಣುತ್ತದೆ. ಮೊದಲನೆಯವನು: "ಅದು ನನಗಾದರೆ ನಿಮ್ಮಿಬ್ಬರ ಹಣದ 2 ಪಟ್ಟು ನನ್ನದಾಗುತ್ತೆ." ಎರಡನೆಯವನು: "ನನಗಾದರೆ 3 ಪಟ್ಟು." ಮೂರನೆಯವನು: "ನನಗಾದರೆ 5 ಪಟ್ಟು." ಚೀಲದಲ್ಲೆಷ್ಟು, ಒಬ್ಬೊಬ್ಬರ ಹತ್ತಿರ ಎಷ್ಟು?

ಸುಳಿವು: ಚೀಲ ಮತ್ತು ಮೂವರ ಹಣ, ಎಲ್ಲ ಸೇರಿಸಿ ಒಂದೇ ರಾಶಿ ಮಾಡಿ. ಮೊದಲನೆಯವನ ಮಾತಿನ ಪ್ರಕಾರ ಉಳಿದಿಬ್ಬರ ಹಣ ಆ ರಾಶಿಯ 3ನೇ ಒಂದು ಭಾಗ. ಎರಡನೆಯವನ ಮಾತಿಗೆ 4ನೇ ಒಂದು, ಮೂರನೆಯವನ ಮಾತಿಗೆ 6ನೇ ಒಂದು. ರಾಶಿ 24 ಅಂತ ಇಟ್ಟುಕೊಂಡರೆ ಇಬ್ಬಿಬ್ಬರ ಜೋಡಿ ಹಣ 8, 6, 4. ಮುಂದಿನದನ್ನು ನೀವೇ ಮಾಡಿ. ಚೀಲದಲ್ಲಿ 15 ಬಂದರೆ ಸರಿ.

ವಾಟ್ಸ್ಆ್ಯಪ್ ಗುಂಪಿನಲ್ಲಾದರೆ

ಬೆಳಿಗ್ಗೆ ಹಾಕಿ, ರಾತ್ರಿ 8ಕ್ಕೆ ಉತ್ತರ. ನಡುವೆ ಉತ್ತರವನ್ನು ಗುಂಪಿನಲ್ಲಿ ಹಾಕುವಂತಿಲ್ಲ, ಹಾಕಿದವರಿಗೇ ಬೇರೆ ಕಳಿಸಬೇಕು. ಟೈಪ್ ಮಾಡುವ ಬದಲು ಧ್ವನಿ ಮೆಸೇಜ್ ಕಳಿಸಿ. ಓಟ ಉಳಿಯುತ್ತದೆ, ಕಾಪಿ ಮಾಡಿ ಹುಡುಕುವುದೂ ಕಷ್ಟವಾಗುತ್ತದೆ. ಆದರೂ ಹುಡುಕುವವರು ಹುಡುಕುತ್ತಾರೆ. ಅವರನ್ನು ಮಣಿಸಲು ಒಂದೇ ದಾರಿ, ಎಲ್ಲೂ ಇಲ್ಲದ ಹೊಸ ಒಗಟು.

ಹೊಸದನ್ನು ಕಟ್ಟುವುದು

ಮನೆಯ ಒಂದು ವಸ್ತು ಆರಿಸಿ. ಅದು ಏನು ಮಾಡುತ್ತದೆ ಅಂತ ನೋಡಿ, ಏನು ಅಂತ ಹೇಳಬೇಡಿ. ಮನುಷ್ಯರನ್ನೋ ಪ್ರಾಣಿಯನ್ನೋ ಅದರ ಜಾಗದಲ್ಲಿ ನಿಲ್ಲಿಸಿ. ನಾನು ಮೊದಲು ಕಟ್ಟಿದ್ದು ಕುಕ್ಕರ್ ಮೇಲೆ: "ಟೋಪಿ ಹಾಕಿದ ಮಾವ, ಬಿಸಿಯಾದರೆ ಮೂರು ಸಲ ವಿಷಲ್ ಹೊಡೀತಾನೆ." ವಿಷಲ್ ಅನ್ನುವಷ್ಟರಲ್ಲೇ ಒಡೆದುಹೋಯಿತು. ಆ ವಸ್ತುವಿನ ಜೊತೆ ಯಾವಾಗಲೂ ಬರುವ ಮಾತನ್ನು ಮೊದಲು ಕಿತ್ತುಹಾಕಬೇಕು ಅಂತ ಆಗ ಗೊತ್ತಾಯಿತು. ಎರಡನೆಯದು ಸ್ವಲ್ಪ ವಾಸಿ: "ಗೋಡೆಗೊರಗಿದ ತಾಯಿ ರಾತ್ರಿಯೆಲ್ಲ ಹಾಲೂಡುತ್ತಾಳೆ, ಬೆಳಗಾದರೆ ಮಗು ಊರೆಲ್ಲ ಮಾತಾಡುತ್ತೆ." ಅಕ್ಕನ ಮಗ ಇದಕ್ಕೆ ಎರಡು ದಿನ ತೆಗೆದುಕೊಂಡ, ಅದೂ ಮೊಬೈಲನ್ನು ಚಾರ್ಜಿಗೆ ಹಾಕುತ್ತಲೇ.

ಒಂದು ಒಗಟು ಉಳಿಸಿ ಏಳಿ

ಮಲಗುವ ಹೊತ್ತಿಗೆ ಕೊನೆಯದೊಂದು ಹಾಕಿ, ಸುಳಿವೂ ಕೊಡದೆ ಎದ್ದುಬಿಡಿ. ರಜೆ ಮುಗಿದು ಅಕ್ಕನ ಮಕ್ಕಳು ಹೊರಡುವ ಹಿಂದಿನ ರಾತ್ರಿ ಅಮ್ಮ ಹಾಕಿದ್ದು: "ಒಂದು ರುಮಾಲು, ನಮ್ಮಪ್ಪನೂ ಸುತ್ತಲಾರ." ಹುಡುಗ ಬೆಳಿಗ್ಗೆ ತಿಂಡಿ ತಿನ್ನುವಾಗಲೂ ಕೇಳಿದ, ಬಸ್‌ಸ್ಟ್ಯಾಂಡಿನಲ್ಲೂ ಕೇಳಿದ. ಅಮ್ಮ ಬಾಯಿ ಬಿಡಲಿಲ್ಲ. ಬಸ್ಸು ಹೊರಟು ಒಂದು ಗಂಟೆಗೆ ಫೋನ್ ಬಂತು. ಅವನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದನಂತೆ.

"ಅಜ್ಜೀ, ಸಿಕ್ತು! ಮುಂದಿನ ಗಾಜಿನಲ್ಲಿ ಕಾಣ್ತಾ ಇದೆ. ಇನ್ನೂ ಮುಗಿದೇ ಇಲ್ಲ!"