ಹಾಲು ಬಿಟ್ಟೆ, ಮೊಸರನ್ನ ಬಿಡಲಿಲ್ಲ

ನಾನು ಹಾಲು, ಮೊಸರು, ತುಪ್ಪ ಬಿಟ್ಟು ಈ ದೀಪಾವಳಿಗೆ ಐದು ವರ್ಷ ತುಂಬಿತು. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿಂದಲೂ ಇಲ್ಲ. ಹಾಗಾಗಿ ವೀಗನ್ ಊಟ, ಅಂದರೆ ಪ್ರಾಣಿಗಳಿಂದ ಬರುವ ಏನೂ ಇಲ್ಲದ ಊಟ ಅಂದರೆ ಬೆಳಗ್ಗೆ ಬರುವ ಹಾಲಿನ ಪ್ಯಾಕೆಟ್ ನಿಲ್ಲಿಸುವುದು, ಅಷ್ಟೇ ಅಂದುಕೊಂಡಿದ್ದೆ.

ಯಾಕೆ ಬಿಟ್ಟೆ ಅಂತ ಹೇಳಿಬಿಡುತ್ತೇನೆ. ನನ್ನ ತವರು ಮಂಡ್ಯದ ಕಡೆ. ಅಲ್ಲಿ ಹಸು ಸಾಕಿದ್ದರು. ಗಂಡು ಕರು ಹುಟ್ಟಿದರೆ ಜಾಸ್ತಿ ದಿನ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ಸಲ ಕರುವನ್ನು ಹೊಡೆದುಕೊಂಡು ಹೋದ ಮೇಲೆ ಹಸು ಎರಡು ರಾತ್ರಿ ಅಂಬಾ ಅಂತ ಕೂಗಿತು. ಮದುವೆಯಾಗಿ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆದರೂ ಆ ಕೂಗು ಮನಸ್ಸಿಂದ ಹೋಗಲಿಲ್ಲ. ಇನ್ನು ಸಾಕು ಅನ್ನಿಸಿತು, ಬಿಟ್ಟೆ.

ಮೊದಲ ವಾರ ಏನೂ ಕಷ್ಟ ಆಗಲಿಲ್ಲ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಸಾರು, ಅಕ್ಕಿ ರೊಟ್ಟಿ, ಚಿತ್ರಾನ್ನ, ಕೋಸಂಬರಿ... ಇದರಲ್ಲಿ ಹಾಲು ಎಲ್ಲಿದೆ ಹೇಳಿ? ಬಿಸಿ ಅನ್ನಕ್ಕೆ ತುಪ್ಪದ ಬದಲು ಗಾಣದ ಕಡಲೆಕಾಯಿ ಎಣ್ಣೆ ಒಂದು ಚಮಚ ಹಾಕಿಕೊಂಡೆ. ಹುಚ್ಚೆಳ್ಳು ಚಟ್ನಿಪುಡಿ ಕಲಸುವಾಗಲಂತೂ ತುಪ್ಪಕ್ಕಿಂತ ಅದೇ ಚೆನ್ನಾಗಿ ಹೊಂದುತ್ತದೆ.

ಕಷ್ಟ ಬಂದಿದ್ದು ಊಟದ ಕೊನೆಗೆ. ಸಾರನ್ನ ಮುಗಿದ ಮೇಲೆ ಕೈ ತಾನಾಗೇ ಮೊಸರಿನ ಪಾತ್ರೆ ಹುಡುಕುತ್ತಿತ್ತು. ಹೊಟ್ಟೆ ತುಂಬಿರುತ್ತಿತ್ತು, ಆದರೆ ಊಟ ಆಯಿತು ಅನ್ನಿಸುತ್ತಿರಲಿಲ್ಲ. ನಮ್ಮತ್ತೆ ಎದುರಿಗೆ ಕೂತು ನೋಡುತ್ತಿದ್ದರು. "ಅದೇನಮ್ಮಾ, ಮೊಸರಿಲ್ದೆ ಎಲೆ ಮುಂದಿಂದ ಹೆಂಗೆ ಏಳ್ತೀಯ?" ಅಂದರು. ಅವರು ಬೈದಿದ್ದಲ್ಲ. ಅವರಿಗೆ ನಿಜವಾಗಿಯೂ ಸಂಕಟ ಆಗಿತ್ತು.

ಅಂಗಡಿಯಿಂದ ಬಾದಾಮಿ ಹಾಲು ತಂದು ಹೆಪ್ಪು ಹಾಕಿ ನೋಡಿದೆ. ನೀರು ನೀರಾಯಿತು, ಮೇಲೆ ದುಡ್ಡೂ ಜಾಸ್ತಿ. ತೆಂಗಿನಕಾಯಿ ಹಾಲಿನದು ಒಡೆದು ಮೇಲೆ ಜಿಡ್ಡು ಕಟ್ಟಿತು. ಅಷ್ಟರಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹನುಮಂತನಗರದ ನಮ್ಮ ಮನೆಯಿಂದ ನಡೆದೇ ಹೋಗಬಹುದು. ಪ್ರತಿ ವರ್ಷದ ಹಾಗೆ ದೊಡ್ಡ ಬಸವಣ್ಣನಿಗೆ ಕೈ ಮುಗಿದು ಐದಾರು ಸೇರು ಕಾಯಿ ತಂದೆವು. ಕಡಲೆಬೀಜದಿಂದಲೂ ಮೊಸರು ಮಾಡುತ್ತಾರೆ ಅಂತ ಎಲ್ಲೋ ಕೇಳಿದ್ದೆ. ಇಷ್ಟೊಂದು ಕಾಯಿ ಮುಂದೆ ಇದೆಯಲ್ಲ, ಮಾಡೇಬಿಡೋಣ ಅಂತ ಕೂತೆ.

ಎರಡು ಸಲ ಕೆಟ್ಟಿತು. ಮೊದಲ ಸಲ ಹಾಲನ್ನು ಒಂದು ಕುದಿ ಬಂದ ತಕ್ಷಣ ಇಳಿಸಿದ್ದೆ, ಹಸಿ ವಾಸನೆ ಹೋಗಲೇ ಇಲ್ಲ. ಎರಡನೇ ಸಲ ಬಿಸಿ ಬಿಸಿ ಇರುವಾಗಲೇ ಹೆಪ್ಪು ಹಾಕಿದೆ, ಬೆಳಗ್ಗೆ ನೋಡಿದರೆ ಹಾಲು ಹಾಲಾಗೇ ಇತ್ತು. ಮೂರನೇ ಸಲ ಸರಿ ಹೋಯಿತು. ಇವತ್ತಿಗೂ ಹಾಗೇ ಮಾಡುತ್ತೇನೆ.

ಒಂದು ಲೋಟ ಹಸಿ ಕಡಲೆಬೀಜವನ್ನು ರಾತ್ರಿ ನೆನೆ ಹಾಕುತ್ತೇನೆ. ಬೆಳಗ್ಗೆ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಸಿಪ್ಪೆ ತೆಗೆದರೆ ಬಣ್ಣ ಬಿಳಿ ಬರುತ್ತದೆ, ಒಗರು ಇರುವುದಿಲ್ಲ. ಮೊದಲು ಸ್ವಲ್ಪವೇ ನೀರು ಹಾಕಿ ಗಂಧದ ಹಾಗೆ ನುಣ್ಣಗೆ ರುಬ್ಬಬೇಕು, ಆಮೇಲೆ ಒಟ್ಟು ಮೂರು ಲೋಟ ನೀರು ಸೇರಿಸಿ ತೆಳು ಬಟ್ಟೆಯಲ್ಲಿ ಹಿಂಡಬೇಕು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕಾಯಿಸಿ. ಪಕ್ಕದಲ್ಲೇ ನಿಂತು ಕೈಯಾಡಿಸುತ್ತಾ ಇರಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಹಸಿ ವಾಸನೆ ಹೋಗಿ ಬೇಯಿಸಿದ ಕಡಲೆಕಾಯಿ ಘಮ ಬಂದಾಗ ಇಳಿಸಿ. ಬೆರಳಿಟ್ಟರೆ ಉಗುರು ಬೆಚ್ಚಗೆ ಅನ್ನಿಸುವವರೆಗೂ ಆರಬೇಕು.

ಹೆಪ್ಪಿಗೆ ಹಸಿಮೆಣಸಿನಕಾಯಿ ತೊಟ್ಟು. ಮನೆಯಲ್ಲಿ ಹೆಪ್ಪು ಇಲ್ಲದಾಗ ನಮ್ಮಜ್ಜಿ ಹಾಲಿಗೆ ಅದನ್ನೇ ಹಾಕುತ್ತಿದ್ದರು. ಹುಳಿ ಬರಿಸುವ ಬ್ಯಾಕ್ಟೀರಿಯಾ ಆ ತೊಟ್ಟಿನ ಮೇಲೇ ಇರುತ್ತವೆ. ಆರೇಳು ತೊಟ್ಟು ತೊಳೆದು ಹಾಲಿಗೆ ಬಿಟ್ಟು ಮುಚ್ಚಿಡಿ. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ನಮ್ಮ ಡಿಸೆಂಬರ್ ಚಳಿಗೆ ಹನ್ನೆರಡು ಗಂಟೆಯಾದರೂ ಬೇಕು, ನಾನು ಪಾತ್ರೆಯನ್ನು ಟವೆಲ್‌ನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡುತ್ತೇನೆ.

ಆ ಮೂರನೇ ಸಲ ಬೆಳಗ್ಗೆ ಮುಚ್ಚಳ ತೆಗೆದು ಪಾತ್ರೆ ಓರೆ ಮಾಡಿದೆ. ಇಡೀ ಮೊಸರು ಒಂದೇ ಗಡ್ಡೆಯಾಗಿ ಅಲ್ಲಾಡಿತು, ಅಂಚಲ್ಲಿ ತಿಳಿ ಬಿಟ್ಟಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದವಳಿಗೆ ಕಣ್ಣು ತುಂಬಿತು.

ಮೊದಲ ಮೊಸರು ಸ್ವಲ್ಪ ಸಪ್ಪೆ ಇರುತ್ತದೆ. ಅದರಲ್ಲೇ ಒಂದು ಚಮಚ ತೆಗೆದಿಟ್ಟು ಮುಂದಿನದಕ್ಕೆ ಹೆಪ್ಪು ಹಾಕಿ, ಎರಡನೆಯದರ ಹುಳಿ ಹದವಾಗಿ ಬರುತ್ತದೆ. ಅನ್ನ ಮೆತ್ತಗೆ ಮಾಡಿ, ಸಾಸಿವೆ, ಇಂಗು, ಕರಿಬೇವು, ಶುಂಠಿ ಒಗ್ಗರಣೆ ಕೊಟ್ಟರೆ ಕಡಲೆಬೀಜದ ವಾಸನೆ ಹುಡುಕಿದರೂ ಸಿಗುವುದಿಲ್ಲ. ಅತ್ತೆಗೆ ಬಡಿಸಿ "ಒಂದು ತುತ್ತು ನೋಡಿ ಅತ್ತೆ" ಅಂದೆ. ಅವರು ಏನೂ ಹೇಳಲಿಲ್ಲ, ಎರಡನೇ ಸಲ ತಟ್ಟೆ ಮುಂದೆ ಮಾಡಿದರು. ಹಿಂಡಿ ಉಳಿದ ಚರಟವನ್ನು ಅಕ್ಕಿ ರೊಟ್ಟಿ ಹಿಟ್ಟಿಗೆ ಕಲಸಿಬಿಡಿ, ರೊಟ್ಟಿ ಮೆತ್ತಗೆ ಬರುತ್ತದೆ.

ಇನ್ನು ಶಕ್ತಿಯ ಮಾತು. ಕಾಳು ದಿನಾ ಇರಲೇಬೇಕು. ನಮ್ಮಲ್ಲಿ ವಾರಕ್ಕೆ ಎರಡು ಸಲ ಬಸ್ಸಾರು. ಗಾಂಧಿ ಬಜಾರಿನಲ್ಲಿ ದಂಟಿನ ಸೊಪ್ಪು ತಂದು ತೊಗರಿಬೇಳೆ ಜೊತೆ ಬೇಯಿಸುತ್ತೇನೆ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು ಬೇಳೆ ಪಲ್ಯಕ್ಕೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಪಕ್ಕದಲ್ಲಿ ಮುದ್ದೆ ಇದ್ದರೆ ಕ್ಯಾಲ್ಸಿಯಂ ಚಿಂತೆ ಅರ್ಧ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿಗಿಂತ ಎಷ್ಟೋ ಜಾಸ್ತಿ. ಪಲ್ಯಕ್ಕೆ ನಿಂಬೆಹುಳಿ ಹಿಂಡಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿಯಬೇಡಿ, ಅದು ಕಬ್ಬಿಣಾಂಶಕ್ಕೆ ಅಡ್ಡ ಬರುತ್ತದೆ.

ಒಂದನ್ನು ಮಾತ್ರ ಅಡುಗೆಮನೆಯಲ್ಲಿ ಹುಡುಕಬೇಡಿ. ಅದು ವಿಟಮಿನ್ ಬಿ12. ನಾನು ಮೊದಲು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡನೇ ವರ್ಷ ಸುಮ್ನೆ ಸುಸ್ತು, ಕಾಲಲ್ಲಿ ಜೋಮು. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಇಳಿದಿತ್ತು. ಸೊಪ್ಪು, ಕಾಳು ಎಷ್ಟು ತಿಂದರೂ ಅದು ಸಿಗುವುದಿಲ್ಲ, ಮಾತ್ರೆ ತೆಗೆದುಕೊಳ್ಳಲೇಬೇಕು. ಎಷ್ಟು ಅಂತ ಡಾಕ್ಟರನ್ನು ಕೇಳಿ. ಶುರು ಮಾಡುವ ಮೊದಲೇ ಕೇಳಿ, ನನ್ನ ಹಾಗೆ ಎರಡು ವರ್ಷ ಕಾಯಬೇಡಿ.

ಹಬ್ಬದ ಅಡುಗೆ ಸುಲಭ. ಒಬ್ಬಟ್ಟಿಗೆ ಕಾಯಿಹಾಲು, ಒತ್ತುಶಾವಿಗೆಗೂ ಕಾಯಿಹಾಲು, ಗಸಗಸೆ ಪಾಯಸಕ್ಕೆ ಬೆಲ್ಲ, ಕಾಯಿ. ಇವೆಲ್ಲ ಮೊದಲಿಂದಲೂ ನಮ್ಮ ಕಡೆ ಇದ್ದದ್ದೇ, ಅಲ್ವಾ? ಹೊರಗೆ ತಿನ್ನುವಾಗ ಇಡ್ಲಿ ಚಟ್ನಿಗೆ ಭಯವಿಲ್ಲ. ಖಾರಾಬಾತು, ಬಿಸಿಬೇಳೆಬಾತಿಗೆ ಮಾತ್ರ ತುಪ್ಪ ಹಾಕಿದ್ದಾರಾ ಅಂತ ಕೇಳಿಕೊಳ್ಳುತ್ತೇನೆ.

ಕಾಫಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೋಯಾ ಹಾಲು ನಮ್ಮ ಗಟ್ಟಿ ಡಿಕಾಕ್ಷನ್‌ಗೆ ಎಷ್ಟೋ ಸಲ ಒಡೆಯಿತು. ಈಗ ಒಂದು ಲೋಟಕ್ಕೆ ಹತ್ತು ಗೋಡಂಬಿ ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಸೋಸದೆ ಹಾಗೇ ಬಿಸಿ ಮಾಡುತ್ತೇನೆ. ಕುದಿಸಿದರೆ ಗಂಜಿಯ ಹಾಗೆ ಗಟ್ಟಿಯಾಗುತ್ತದೆ. ಅಂಚಲ್ಲಿ ಹಬೆಯಾಡಲು ಶುರುವಾದ ಕೂಡಲೇ ಒಲೆ ಆರಿಸಿ, ಡಿಕಾಕ್ಷನ್ ಕೊನೆಗೆ ಹಾಕಿ.